ಟಿಪ್ಪು ನಾಣ್ಯಗಳ ಇಸವಿ ಲೆಕ್ಕ: ನಾಣ್ಯಶಾಸ್ತ್ರ ಪತ್ರಿಕೆಗೆ ಟಿಪ್ಪಣಿ

ಎಂ.ಎ. ಇತಿಹಾಸದ ನಾಣ್ಯಶಾಸ್ತ್ರ ಪತ್ರಿಕೆಯಲ್ಲಿ ಲೋಹ, ತೂಕ, ಅಳತೆ, ಚಿತ್ರ ಇವುಗಳ ವಿವರಣೆ ಕಷ್ಟವಲ್ಲ. ಟಿಪ್ಪುವಿನ ರೂಪಾಯಿ ಸುಮಾರು 11.5 ಗ್ರಾಂ, ತಾಮ್ರದ ಪೈಸೆ ಸುಮಾರು 11 ಗ್ರಾಂ, ಪೈಸೆಯ ಮುಮ್ಮುಖದಲ್ಲಿ ಆನೆ, ಹಿಮ್ಮುಖದಲ್ಲಿ ಟಂಕಸಾಲೆಯ ಹೆಸರು. ಪಟ್ಟಣ್ ಎಂದಿದ್ದರೆ ಶ್ರೀರಂಗಪಟ್ಟಣ, ಫರ್ರುಖ್‌ಯಾಬ್ ಹಿಸಾರ್ ಎಂದರೆ ಚಿತ್ರದುರ್ಗ, ಫೈಜ್ ಹಿಸಾರ್ ಎಂದರೆ ಗುತ್ತಿ. ಇಷ್ಟನ್ನು ಬಾಯಿಪಾಠ ಮಾಡಿಕೊಂಡರೆ ಸಾಕು. ಅಂಕ ಹೋಗುವುದು ಇಸವಿಯಲ್ಲಿ. ಈ ಟಿಪ್ಪಣಿಯ ಬಹುಪಾಲು ಅದಕ್ಕೇ ಮೀಸಲು.

ಆಳ್ವಿಕೆಯ ಮೊದಲ ವರ್ಷಗಳ ನಾಣ್ಯಗಳಲ್ಲಿ ಹಿಜರಿ ಶಕವಿದೆ: 1197, 1198, 1199, 1200. ಐದನೆಯ ಆಳ್ವಿಕೆ ವರ್ಷದಿಂದ ಟಿಪ್ಪು ಮೌಲೂದಿ ಶಕ, ಅಂದರೆ ಪ್ರವಾದಿ ಮುಹಮ್ಮದರ ಹುಟ್ಟಿನಿಂದ ಎಣಿಸುವ ಶಕ ತಂದ. ಅದು 1215ರಿಂದ ಶುರುವಾಗಿ 1227ಕ್ಕೆ ಮುಗಿಯುತ್ತದೆ. ನಾಲ್ಕಂಕಿಯ ಈ ಎರಡೂ ಸಂಖ್ಯೆಗಳು ಹತ್ತಿರ ಹತ್ತಿರ ಇರುವುದೇ ತೊಡಕಿನ ಮೂಲ.

ಇಲ್ಲಿ ನಿಧಾನಿಸಬೇಕು. ಪಾರ್ಸಿ ಲಿಪಿ ಬಲದಿಂದ ಎಡಕ್ಕೆ ಹೋದರೂ ಅದರ ಅಂಕಿಗಳನ್ನು ನಾವು ಬರೆಯುವಂತೆ ಎಡದಿಂದ ಬಲಕ್ಕೇ ಬರೆಯುತ್ತಾರೆ, ಸಾವಿರದ ಸ್ಥಾನ ಎಡತುದಿಯಲ್ಲಿ. ಹಿಜರಿ ನಾಣ್ಯಗಳಲ್ಲಿ ಇದೇ ಕ್ರಮ. ಮೌಲೂದಿ ನಾಣ್ಯಗಳಲ್ಲಿ ಮಾತ್ರ ಟಿಪ್ಪು ಅಂಕಿಗಳನ್ನೂ ಬಲದಿಂದ ಎಡಕ್ಕೆ ಜೋಡಿಸಿದ. ಹಾಗಾಗಿ 1215 ನಮ್ಮ ಕಣ್ಣಿಗೆ 5121 ಆಗಿ, 1226 ಎಂಬುದು 6221 ಆಗಿ ಕಾಣುತ್ತದೆ. ಬಲತುದಿಯ ಎರಡು ಅಂಕಿ 21 ಇದ್ದರೆ ಅದು ಮೌಲೂದಿ, ತಿರುಗಿಸಿ ಓದಿ. ಎಡತುದಿಯಲ್ಲಿ 119 ಅಥವಾ 120 ಇದ್ದರೆ ಹಿಜರಿ, ಇದ್ದಂತೆಯೇ ಓದಿ. 1221 ಮಾತ್ರ ಯಾವ ಕಡೆಯಿಂದ ಓದಿದರೂ ಒಂದೇ. ಬಲತುದಿಯ 21 ನೋಡಿ ಅದನ್ನೂ ಮೌಲೂದಿಗೇ ಸೇರಿಸಿ.

ಇನ್ನು ಕ್ರಿಸ್ತಶಕಕ್ಕೆ ಬದಲಾವಣೆ. ಮೌಲೂದಿಗೆ 572 ಕೂಡಿಸಿದರೆ ಮುಗಿಯಿತು: 1215 + 572 = 1787. ವರ್ಷ ಯುಗಾದಿಯ ಆಸುಪಾಸಿನಲ್ಲಿ ಶುರುವಾಗುವುದರಿಂದ ಉತ್ತರದಲ್ಲಿ 1787–88 ಎಂದೇ ಬರೆಯಿರಿ. ನಮ್ಮ ಪಂಚಾಂಗದ ಪ್ರಕಾರ ಅದು ಪ್ಲವಂಗ ಸಂವತ್ಸರ. ಹಿಜರಿಗೆ ಹೀಗೆ ಒಂದೇ ಸಂಖ್ಯೆ ಕೂಡಿಸಲು ಬರುವುದಿಲ್ಲ. ಹಿಜರಿ ಶುದ್ಧ ಚಾಂದ್ರಮಾನ, ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹಾಗಾಗಿ ಎರಡು ಶಕಗಳ ನಡುವಿನ ಅಂತರ ವರ್ಷ ವರ್ಷ ಕರಗುತ್ತಾ ಹೋಗುತ್ತದೆ. ಮೌಲೂದಿಯಲ್ಲಿ ಅಧಿಕಮಾಸ ಸೇರಿಸಿ ಋತುಗಳಿಗೆ ಹೊಂದಿಸಿದ್ದರಿಂದ ಅಂತರ ಕದಲುವುದಿಲ್ಲ. ಹಿಜರಿಗೆ ಬಳಸಬೇಕಾದ ಸೂತ್ರ: 0.97ರಿಂದ ಗುಣಿಸಿ 622 ಕೂಡಿಸಿ. 1200 × 0.97 = 1164, ಜೊತೆಗೆ 622, ಒಟ್ಟು 1786. ನಿಜವಾಗಿ ಹಿಜರಿ 1200 ಶುರುವಾದದ್ದು 1785ರ ನವೆಂಬರ್‌ನಲ್ಲಿ. ಆದ್ದರಿಂದ 1785–86 ಎಂದು ಬರೆಯುವುದು ಸರಿ.

ಶಕ ತಪ್ಪಾದರೆ ಹಿಡಿಯುವ ದಾರಿಯೂ ಇಲ್ಲೇ ಇದೆ. ಮೌಲೂದಿಯನ್ನು ಹಿಜರಿ ಎಂದು ತಿಳಿದು ಲೆಕ್ಕ ಹಾಕಿದರೆ 1215ಕ್ಕೆ 1800, 1221ಕ್ಕೆ 1806 ಬರುತ್ತದೆ. ಟಿಪ್ಪು ಮಡಿದದ್ದು 1799ರ ಮೇ 4ರಂದು. ಅದರಾಚೆಗಿನ ಇಸವಿ ಬಂತೆಂದರೆ ಶಕವೇ ತಪ್ಪಿದೆ ಎಂದರ್ಥ.

ಬೆಳ್ಳಿ ರೂಪಾಯಿಯಲ್ಲಿ ಜುಲೂಸ್, ಅಂದರೆ ಆಳ್ವಿಕೆಯ ವರ್ಷವೂ ಇರುತ್ತದೆ. ಶಕದಿಂದ ಅದನ್ನು ಕಳೆಯಿರಿ: ಮೌಲೂದಿಯಾದರೆ ಶೇಷ 1210, ಹಿಜರಿಯಾದರೆ 1196. ಎರಡೂ ಅಲ್ಲದಿದ್ದರೆ ಯಾವುದೋ ಅಂಕಿಯನ್ನು ತಪ್ಪಾಗಿ ಓದಿದ್ದೀರಿ. ಪಾರ್ಸಿ 2ಕ್ಕೆ ಒಂದು ಕಚ್ಚು, 3ಕ್ಕೆ ಎರಡು. ಸವೆದ ನಾಣ್ಯದಲ್ಲಿ ಒಂದು ಕಚ್ಚು ಅಳಿದರೆ 1223 ಎಂಬುದು 1222 ಆಗಿಬಿಡುತ್ತದೆ. ಸೊನ್ನೆ ಬರೀ ಚುಕ್ಕಿ. ಅಂಚಿನ ಸುತ್ತ ಅಲಂಕಾರದ ಚುಕ್ಕಿಗಳ ಸಾಲೇ ಇರುವುದರಿಂದ 1220ರ ಸೊನ್ನೆಯನ್ನು ಕಣ್ಣು ಸುಲಭವಾಗಿ ಬಿಟ್ಟುಬಿಡುತ್ತದೆ. ಹಾರು ಬೆಳಕು, ಅಂದರೆ ದೀಪವನ್ನು ಒಂದು ಪಕ್ಕದಿಂದ ತಗ್ಗಿಸಿ ಹಿಡಿದು ನೋಡಿದರೆ ಇಂಥ ಸಂಶಯ ಬಹುಪಾಲು ತೀರುತ್ತದೆ.

ತಾಮ್ರದ ನಾಣ್ಯದಲ್ಲಿ ಆಳ್ವಿಕೆಯ ವರ್ಷದ ಆಸರೆ ಇಲ್ಲ. ಕೊನೆಯ ನಾಲ್ಕು ವರ್ಷಗಳಿಗೆ ಬೇರೊಂದು ಗುರುತಿದೆ: 1224ಕ್ಕೆ ಅಲಿಫ್, 1225ಕ್ಕೆ ಬೇ, 1226ಕ್ಕೆ ತೇ, 1227ಕ್ಕೆ ಸೇ ಅಕ್ಷರ. ಒಂದು ಪೈಸೆಯಲ್ಲಿ 5221 ಕಂಡಿತು, ಜೊತೆಗೆ ಬೇ ಇದೆ ಎಂದುಕೊಳ್ಳಿ. ತಿರುಗಿಸಿದರೆ 1225, 572 ಕೂಡಿಸಿದರೆ 1797, ಅಕ್ಷರವೂ ಹೊಂದಿತು. ಉತ್ತರ 1797–98.

ಅಚ್ಚು ನಾಣ್ಯದ ಬಿಲ್ಲೆಗಿಂತ ದೊಡ್ಡದಾಗಿದ್ದಾಗ ಇಸವಿಯ ಅರ್ಧ ಅಂಚಿನಾಚೆ ಹೋಗುತ್ತದೆ. ಆಗ ಕಾಣದ ಅಂಕಿಗಳನ್ನು ಚೌಕ ಆವರಣದಲ್ಲಿ ಹಾಕಿ [12]25 ಎಂದು ನಮೂದಿಸಿ. ಏಕಸ್ಥಾನದ ಅಂಕಿಯೇ ಕಾಣದಿದ್ದು ಅಕ್ಷರವೂ ಇಲ್ಲದಿದ್ದರೆ ಊಹಿಸಿ ತುಂಬಬೇಡಿ, 122× ಎಂದು ಬಿಡಿ.