ಕೂತ ಗಂಟೆ, ಕಲಿತ ವಿದ್ಯೆ: ವಾಷಿಂಗ್ಟನ್ ರಾಜ್ಯದ ಹೈಸ್ಕೂಲ್ ಡಿಪ್ಲೊಮಾ

ತೌಲನಿಕ ಶಿಕ್ಷಣ ಓದುವಾಗ ನನ್ನನ್ನು ಹೆಚ್ಚು ಕಾಡಿದ ಭಾಗ ಇದು. ಎಸ್‌ಎಸ್‌ಎಲ್‌ಸಿ ಬರೆದು ಬಂದ ನಮಗೆ ಪಾಸಾಗುವುದೆಂದರೆ ವರ್ಷದ ಕೊನೆಯ ಪರೀಕ್ಷೆ, ನೋಂದಣಿ ಸಂಖ್ಯೆ, ಫಲಿತಾಂಶದ ದಿನದ ಎದೆಬಡಿತ. ಅಮೆರಿಕದ ಹೈಸ್ಕೂಲಿನಲ್ಲಿ ಸಾಮಾನ್ಯವಾಗಿ ಹಾಗೊಂದು ದಿನವೇ ಇಲ್ಲ. ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ನಾಲ್ಕು ವರ್ಷ ವಿಷಯವಾರು ಕ್ರೆಡಿಟ್, ಅಂದರೆ ಒಂದೊಂದು ವಿಷಯ ಮುಗಿಸಿದ್ದಕ್ಕೆ ಸಿಗುವ ಎಣಿಕೆ, ಕೂಡಿಸುತ್ತಾ ಹೋಗಬೇಕು. ನಿಯಮವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆದ್ದರಿಂದ ಇಲ್ಲಿ ಒಂದೇ ರಾಜ್ಯವನ್ನು ಹಿಡಿದಿದ್ದೇನೆ: ಸಿಯಾಟಲ್ ನಗರವಿರುವ ವಾಷಿಂಗ್ಟನ್. (ರಾಜಧಾನಿ ವಾಷಿಂಗ್ಟನ್ ಅಲ್ಲ. ಮೊದಲ ಓದಿನಲ್ಲಿ ನಾನೂ ಎಡವಿದ್ದೆ.)

ಮೊದಲು ಕ್ರೆಡಿಟ್ ಹುಟ್ಟಿದ ಕಥೆ. ಅದು ಶುರುವಾದದ್ದು ಮಕ್ಕಳ ಕಲಿಕೆಯಿಂದಲ್ಲ, ಮೇಷ್ಟರ ಪಿಂಚಣಿಯಿಂದ. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ 1905ರಲ್ಲಿ ಕಾಲೇಜು ಪ್ರಾಧ್ಯಾಪಕರ ಪಿಂಚಣಿಗೆಂದು ಒಂದು ಕೋಟಿ ಡಾಲರ್ ಕೊಟ್ಟರು. ಹಣ ಹಂಚಬೇಕಾದರೆ ಯಾವುದನ್ನು ‘ಕಾಲೇಜು’ ಎನ್ನಬೇಕೆಂದು ಮೊದಲು ತೀರ್ಮಾನಿಸಬೇಕಲ್ಲ? ಹೈಸ್ಕೂಲಿನಲ್ಲಿ 14 ಯೂನಿಟ್ ಓದಿದವರನ್ನು ಮಾತ್ರ ಸೇರಿಸಿಕೊಳ್ಳುವ ಸಂಸ್ಥೆಯೇ ಕಾಲೇಜು ಎಂದಾಯಿತು. ಒಂದು ವಿಷಯವನ್ನು ವರ್ಷವಿಡೀ, ಸುಮಾರು 120 ಗಂಟೆ ಓದಿದರೆ ಒಂದು ಯೂನಿಟ್. ಪಿಂಚಣಿಯ ಆಸೆಗೆ ಕಾಲೇಜುಗಳು ಒಪ್ಪಿದವು, ಕಾಲೇಜುಗಳ ಬೆನ್ನಿಗೆ ಹೈಸ್ಕೂಲುಗಳೂ ಒಪ್ಪಿದವು. ಇದೇ ‘ಕಾರ್ನೆಗಿ ಯೂನಿಟ್’, ಇಂದಿನ ಕ್ರೆಡಿಟ್ಟಿನ ಮೂಲ. ಅದು ಅಳೆಯುವುದು ಬೆಂಚಿನ ಮೇಲೆ ಕೂತ ಹೊತ್ತನ್ನು. ತಲೆಗೆ ಇಳಿದದ್ದೆಷ್ಟು ಎಂಬುದು ಆ ಲೆಕ್ಕಕ್ಕೆ ಸೇರಿರಲಿಲ್ಲ. ಮುಂದಿನ ಜಗಳಗಳೆಲ್ಲ ಇಲ್ಲಿಂದಲೇ ಹುಟ್ಟಿದವು.

ವಾಷಿಂಗ್ಟನ್ ರಾಜ್ಯದಲ್ಲಿ ಡಿಪ್ಲೊಮಾಕ್ಕೆ, ಅಂದರೆ ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರಕ್ಕೆ, ಬೇಕಾದದ್ದು 24 ಕ್ರೆಡಿಟ್. ಇಂಗ್ಲಿಷ್ 4, ಗಣಿತ, ವಿಜ್ಞಾನ, ಸಮಾಜ ಅಧ್ಯಯನ ತಲಾ 3, ಕಲೆ, ಬೇರೊಂದು ಭಾಷೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣ ತಲಾ 2, ವೃತ್ತಿ ಶಿಕ್ಷಣ 1, ಐಚ್ಛಿಕ 4. ಕೂಡಿಸಿ ನೋಡಿ, ಸರಿಹೋಗುತ್ತದೆ. ಎಲ್ಲವೂ ಕಲ್ಲಿನಲ್ಲಿ ಕೊರೆದದ್ದೇನಲ್ಲ. ಮುಂದಿನ ಗುರಿಗೆ ತಕ್ಕಂತೆ ಭಾಷೆಯ ಎರಡು ಕ್ರೆಡಿಟ್‌ಗಳ ಜಾಗದಲ್ಲಿ ಬೇರೆ ವಿಷಯ ತೆಗೆದುಕೊಳ್ಳಬಹುದು.

ಈಗ ಇನ್ನೊಂದು ಲೆಕ್ಕ ಮಾಡಿ. ದಿನಕ್ಕೆ ಆರು ಪಿರಿಯಡ್ ಇರುವ ಶಾಲೆಯಲ್ಲಿ ವರ್ಷಕ್ಕೆ ಆರು ಕ್ರೆಡಿಟ್, ನಾಲ್ಕು ವರ್ಷಕ್ಕೆ ಸರಿಯಾಗಿ 24. ಅಂದರೆ ಒಂದೇ ಒಂದು ವಿಷಯದಲ್ಲಿ ಫೇಲಾದರೂ ಲೆಕ್ಕ ತಪ್ಪಿತು! ಬೇಸಿಗೆ ತರಗತಿಗೆ ಹೋಗಿಯೋ ಬೇರೆ ದಾರಿಯಲ್ಲೋ ಆ ತೂತು ಮುಚ್ಚಬೇಕು. ವಿದ್ಯಾರ್ಥಿಯ ಪರಿಸ್ಥಿತಿ ನೋಡಿ ಎರಡು ಕ್ರೆಡಿಟ್‌ವರೆಗೆ ವಿನಾಯಿತಿ ಕೊಡುವ ಅಧಿಕಾರ ಶಾಲಾ ಜಿಲ್ಲೆಗೆ (ಊರಿನ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಕ್ಕೆ) ಇರುವುದು ಏಕೆಂದು ಈ ಗುಣಾಕಾರ ಮಾಡಿದ ಮೇಲೆಯೇ ನನಗೆ ಹೊಳೆದದ್ದು. ಏಳೆಂಟು ಪಿರಿಯಡ್ ಇರುವ ಶಾಲೆಯ ಮಕ್ಕಳಿಗೆ ಈ ಇಕ್ಕಟ್ಟು ಕಡಿಮೆ.

ಕ್ರೆಡಿಟ್ ಅಂಕವಲ್ಲ ಎಂಬುದನ್ನೂ ಗುರುತು ಹಾಕಿಕೊಳ್ಳಿ. ‘ಎ’ ಗ್ರೇಡ್ ಪಡೆದವರಿಗೂ ‘ಡಿ’ಯಲ್ಲಿ ದಡ ಸೇರಿದವರಿಗೂ ಸಿಗುವುದು ಅದೇ ಒಂದು ಕ್ರೆಡಿಟ್. ವ್ಯತ್ಯಾಸ ಕಾಣುವುದು ಗ್ರೇಡ್ ಸರಾಸರಿಯಲ್ಲಿ.

ಹಾಗಾದರೆ ‘ಡಿ’ಗಳನ್ನೇ ಪೇರಿಸಿ ಹೊರಬಂದವನಿಗೆ ನಿಜಕ್ಕೂ ಓದು, ಬರಹ, ಲೆಕ್ಕ ಬರುತ್ತದೆಯೇ? ಪ್ರಾವೀಣ್ಯ ಸಾಬೀತುಪಡಿಸಬೇಕೆಂಬ ಷರತ್ತಿನ ಹಿಂದಿರುವುದು ಈ ಅನುಮಾನ. ವಾಷಿಂಗ್ಟನ್ ಮೊದಲು ಅದನ್ನು ರಾಜ್ಯ ಪರೀಕ್ಷೆಗೆ ಕಟ್ಟಿಹಾಕಿತ್ತು. 2019ರ ಕಾನೂನು ಆ ಗಂಟು ಬಿಚ್ಚಿ, ‘ಪದವಿ ಮಾರ್ಗ’ಗಳೆಂಬ, ಅಂದರೆ ಹೈಸ್ಕೂಲ್ ಮುಗಿಸಲು ಪ್ರಾವೀಣ್ಯ ತೋರಿಸುವ ದಾರಿಗಳೆಂಬ, ಹಲವು ಬಾಗಿಲು ತೆರೆಯಿತು. ರಾಜ್ಯ ಪರೀಕ್ಷೆಯಲ್ಲಿ ನಿಗದಿತ ಅಂಕ ಪಡೆಯುವುದು ಒಂದು ಮಾರ್ಗ. ಎಸ್‌ಎಟಿ ಅಥವಾ ಎಸಿಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆ, ಕಾಲೇಜು ಮಟ್ಟದ ಎಪಿ ಪರೀಕ್ಷೆಯಲ್ಲಿ ಐದಕ್ಕೆ 3, ಹೈಸ್ಕೂಲಿನಲ್ಲಿದ್ದೇ ಕಾಲೇಜು ಮಟ್ಟದ ಕೋರ್ಸ್, ಸೇನಾ ಪ್ರವೇಶದ ಎಎಸ್‌ವಿಎಬಿ, ಒಂದೇ ಕಸುಬಿನ ಸಾಲು ಕೋರ್ಸ್‌ಗಳು ಉಳಿದವುಗಳಲ್ಲಿ ಕೆಲವು. ಮಾಡಿ ತೋರಿಸುವ ಕೆಲಸವನ್ನೇ ಪುರಾವೆಯೆಂದು ಒಪ್ಪುವ ಮಾರ್ಗ 2023ರಲ್ಲಿ ಸೇರಿತು. ಇವುಗಳಲ್ಲಿ ಒಂದಾದರೂ ದಾಟಬೇಕು. ಜೊತೆಗೆ, ಶಾಲೆ ಮುಗಿದ ಮೇಲೆ ಏನು ಮಾಡುತ್ತೇನೆಂಬ ಯೋಜನೆಯೊಂದನ್ನು ಬರೆದಿಡಬೇಕು.

ಪ್ರಾವೀಣ್ಯದ ಹಾದಿ ಎಲ್ಲ ಕಡೆಯೂ ಸಲೀಸಾಗಿರಲಿಲ್ಲ. ನ್ಯೂ ಹ್ಯಾಂಪ್‌ಶೈರ್ 2005ರಲ್ಲಿಯೇ ಗಂಟೆಯ ಲೆಕ್ಕ ಬಿಟ್ಟು ಸಾಮರ್ಥ್ಯದ ಲೆಕ್ಕ ಹಿಡಿಯಿತು. ಮೇನ್ ರಾಜ್ಯ 2012ರಲ್ಲಿ ಪ್ರಾವೀಣ್ಯ ಆಧಾರಿತ ಡಿಪ್ಲೊಮಾ ಕಡ್ಡಾಯ ಮಾಡಿ 2018ರಲ್ಲಿ ಹಿಂದೆ ಸರಿಯಿತು. ಮ್ಯಾಸಚೂಸೆಟ್ಸ್‌ನಲ್ಲಿ ರಾಜ್ಯ ಪರೀಕ್ಷೆ ಪಾಸಾಗಲೇಬೇಕೆಂಬ ನಿಯಮವನ್ನು 2024ರ ನವೆಂಬರಿನಲ್ಲಿ ಮತದಾರರೇ ತೆಗೆದುಹಾಕಿದರು. ನನಗನಿಸುವಂತೆ ಎಲ್ಲರೂ ತಡವರಿಸಿದ್ದು ಒಂದೇ ಪ್ರಶ್ನೆಯಲ್ಲಿ: ‘ಬರುತ್ತದೆ’ ಎಂದು ಹೇಳಲು ಎಷ್ಟು ಬಂದಿರಬೇಕು?

ಇದಕ್ಕೆ ವಾಷಿಂಗ್ಟನ್ ಅತ್ಯಂತ ಖಚಿತ ಉತ್ತರ ಕೊಟ್ಟಿರುವುದು ಭಾಷೆಯ ವಿಷಯದಲ್ಲಿ. ಅಲ್ಲಿನ ಕನ್ನಡ ಕುಟುಂಬಗಳಿಗೂ ಇದು ನೇರವಾಗಿ ತಟ್ಟುತ್ತದೆ. ಮನೆಮಾತು ಬಲ್ಲ ಮಗು ಶಾಲೆಯಲ್ಲಿ ಒಂದು ದಿನವೂ ಆ ಭಾಷೆಯ ತರಗತಿಗೆ ಕೂರದೆ, ಪರೀಕ್ಷೆ ಬರೆದು ಕ್ರೆಡಿಟ್ ಪಡೆಯಬಹುದು. ಆರಂಭಿಕ ಹಂತದ ನಡು ಮಟ್ಟಕ್ಕೆ 1, ಮೇಲು ಮಟ್ಟಕ್ಕೆ 2. ಮಧ್ಯಮ ಹಂತದ ಕೆಳ ಮಟ್ಟಕ್ಕೆ 3, ನಡು ಮಟ್ಟಕ್ಕೆ 4. ಕೂತ ಗಂಟೆ ಸೊನ್ನೆ, ಕ್ರೆಡಿಟ್ ನಾಲ್ಕು! ಕಾರ್ನೆಗಿ ಯೂನಿಟ್ಟಿಗೆ ಇದಕ್ಕಿಂತ ನೇರವಾದ ಉತ್ತರವನ್ನು ನಾನು ಓದಿಲ್ಲ.

ಆದರೆ ಒಂದು ಕೊಕ್ಕೆ ಇದೆ. ರಾಜ್ಯದ ಮಾದರಿ ನಿಯಮದ ಪ್ರಕಾರ ಮಾತು, ಬರಹದಂಥ ಕೌಶಲಗಳ ಮಟ್ಟ ಹೆಚ್ಚುಕಡಿಮೆಯಾದರೆ ಎಲ್ಲಕ್ಕಿಂತ ಕೆಳಗಿನದನ್ನೇ ಹಿಡಿಯುತ್ತಾರೆ. ಅಜ್ಜಿಯೊಡನೆ ವಿಡಿಯೊ ಕರೆಯಲ್ಲಿ ಪಟಪಟನೆ ಕನ್ನಡ ಮಾತಾಡುವ ಹುಡುಗಿಗೆ ಮಾತಿನಲ್ಲಿ ನಾಲ್ಕು ಕ್ರೆಡಿಟ್‌ನ ಮಟ್ಟ ಸಿಕ್ಕಿತೆನ್ನಿ. ಒತ್ತಕ್ಷರ ಬರೆಯುವಾಗ ತಡವರಿಸಿ ಬರಹ ಆರಂಭಿಕ ಹಂತದ ನಡು ಮಟ್ಟದಲ್ಲಿಯೇ ನಿಂತರೆ ಅವಳ ಕೈಗೆ ಬರುವುದು ಒಂದು ಕ್ರೆಡಿಟ್.