ಆಟಿಯಲ್ಲಿ ಅಗ್ಲೋನಿಮಾ

ಮನೆಯೊಳಗಿನ ಗಿಡಗಳ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿಗಾಲದಲ್ಲಿ ಹೀಟರ್ ಉರಿಸುವ ದೇಶಗಳಲ್ಲಿ ಹುಟ್ಟಿದವು. ಅಲ್ಲಿ ಕೋಣೆಯ ಗಾಳಿ ಒಣಗಿ ಎಲೆಯ ಅಂಚು ಕರಟುತ್ತದೆ. ಹಾಗಾಗಿ ಎಲೆಗೆ ನೀರು ಚಿಮುಕಿಸಿ, ತಟ್ಟೆಯಲ್ಲಿ ಕಲ್ಲು ಹರಡಿ ನೀರು ನಿಲ್ಲಿಸಿ ಎಂಬ ಉಪದೇಶ. ಅದನ್ನೇ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಆಟಿ ತಿಂಗಳಲ್ಲಿ, ಅಂದರೆ ಜುಲೈ, ಆಗಸ್ಟಿನ ಜಡಿಮಳೆಯಲ್ಲಿ, ಪಾಲಿಸಿದರೆ ಗಿಡ ಕೊಳೆಯುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಾಸರಗೋಡಿನಲ್ಲಿ ಅಗ್ಲೋನಿಮಾಕ್ಕೆ, ಎಲೆಯ ಚಂದಕ್ಕೆಂದು ಮನೆಯೊಳಗೆ ಇಡುವ ಈ ಗಿಡಕ್ಕೆ, ತೇವದ ಕೊರತೆಯಿಲ್ಲ. ಕೊರತೆ ಇರುವುದು ಬೇರಿಗೆ ಗಾಳಿಯದು, ಎಲೆಗೆ ಬೆಳಕಿನದು.

ಇದು ನಮ್ಮ ಕೆಸುವಿನ, ಸುವರ್ಣಗಡ್ಡೆಯ ಕುಟುಂಬದ ಗಿಡ. ಆದರೆ ಕೆಸುವಿನಂತೆ ತೋಡಿನ ಬದಿಯ ಕೆಸರಿನಲ್ಲಿ ಬದುಕಲಾರದು. ಕೆಸುವಿನ ಬೇರಿನೊಳಗೆ ಗಾಳಿ ಹಾಯುವ ಪೊಳ್ಳು ಜಾಗಗಳು ಧಾರಾಳ. ಅಗ್ಲೋನಿಮಾ ಆಗ್ನೇಯ ಏಷ್ಯಾದ ಕಾಡುಗಳಲ್ಲಿ, ಮರದಡಿಯ ಸಡಿಲ ತರಗೆಲೆ ಗೊಬ್ಬರದಲ್ಲಿ ಬೇರೂರಿ ಬಂದದ್ದು. ಈಗ ನರ್ಸರಿಗಳಲ್ಲಿ ಕಾಣುವ ಕೆಂಪು ಎಲೆಯ ತಳಿಗಳ ವಂಶದಲ್ಲಿ ಸುಮಾತ್ರಾದ ರೊಟಂಡಮ್ ಪ್ರಭೇದವಿದೆ. ಇಂಡೊನೇಷ್ಯಾದ ಗ್ರೆಗೊರಿ ಹಂಬಾಲಿ 1980ರ ದಶಕದಲ್ಲಿ ಅದನ್ನು ಬಳಸಿ ‘ಪ್ರೈಡ್ ಆಫ್ ಸುಮಾತ್ರಾ’ ತಳಿ ಬೆಳೆಸಿದರು. ಬಣ್ಣದ ತಳಿಗಳಿಗೆ ಹಸಿರು ತಳಿಗಳಿಗಿಂತ ಬೆಳಕು ಜಾಸ್ತಿ ಬೇಕು, ಬುಡದ ನೀರನ್ನು ಸಹಿಸುವ ಶಕ್ತಿ ಕಡಿಮೆ.

ಜಡಿಮಳೆಯ ವಾರದಲ್ಲಿ ನಡೆಯುವುದು ಇಷ್ಟು. ಗಾಳಿಯೇ ನೀರು ಕುಡಿದು ನಿಂತಿರುವುದರಿಂದ ಎಲೆಯಿಂದ ಆವಿ ಹೋಗುವುದು ತೀರಾ ಕಡಿಮೆ. ಮೋಡ ಕವಿದು ಬೆಳಕಿಲ್ಲದ್ದರಿಂದ ಬೆಳವಣಿಗೆಯೂ ನಿಧಾನ. ಹಾಕಿದ ನೀರು ಕುಂಡದಲ್ಲೇ ಉಳಿದು, ಬೇರಿಗೆ ಆಮ್ಲಜನಕ ಸಿಗದೆ ತುದಿಗಳು ಸಾಯುತ್ತವೆ. ಅಲ್ಲಿಗೆ ಪಿಥಿಯಮ್ ಬರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟೋಫ್ತೋರಾದ ಹತ್ತಿರದ ಸಂಬಂಧಿ, ಅದರಂತೆಯೇ ನೀರಿನಲ್ಲಿ ಈಜುವ ಬೀಜಕಣಗಳನ್ನು ಬಿಡುವ ಜೀವಿ. ಕೆಳಗಿನ ಎಲೆ ಹಳದಿಯಾಗುತ್ತದೆ, ಮೇಲಿನವು ಸೊರಗಿ ಜೋಲುತ್ತವೆ. ಜೋತ ಎಲೆ ಕಂಡವರು ಬಾಯಾರಿಕೆಯೆಂದು ಇನ್ನೊಂದು ಚೊಂಬು ನೀರು ಹೊಯ್ಯುತ್ತಾರೆ. ಮಣ್ಣು ಒದ್ದೆಯಿದ್ದೂ ಎಲೆ ಜೋತಿದ್ದರೆ ತಡಮಾಡದೆ ಗಿಡ ಕಿತ್ತು ಬೇರು ನೋಡಬೇಕು. ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದಾಗ ಹೊರಸಿಪ್ಪೆ ಜಾರಿ ಬಂದು ಒಳಗಿನ ನೂಲು ಮಾತ್ರ ಉಳಿದರೆ ಅದು ಕೊಳೆತ ಬೇರು.

ಆದ್ದರಿಂದ ಕೆಲಸವೆಲ್ಲ ಕುಂಡದ ಒಳಗಿನದು. ತೋಟದ ಕೆಂಪುಮಣ್ಣು, ಸುಡುಮಣ್ಣು, ಹಟ್ಟಿಗೊಬ್ಬರ ಅಂಗಳದ ಗಿಡಗಳಿಗಿರಲಿ. 6 ಇಂಚಿನ ಕುಂಡದಲ್ಲಿ ಕೆಂಪುಮಣ್ಣು ಒಂದೇ ಮಳೆಗಾಲಕ್ಕೆ ಇಟ್ಟಿಗೆಯಾಗುತ್ತದೆ. ಬಳಸಬೇಕಾದ ಮಿಶ್ರಣ: ಅರ್ಧ ಇಂಚಿನ ತೆಂಗಿನ ಸಿಪ್ಪೆಯ ತುಂಡು 2 ಪಾಲು, ಕೋಕೋಪೀಟ್ (ತೆಂಗಿನ ಸಿಪ್ಪೆಯ ಹುಡಿ) 1 ಪಾಲು, ಗೆರಟೆ ಇದ್ದಿಲಿನ ನುಚ್ಚು ಅಥವಾ ಪರ್ಲೈಟ್ (ನರ್ಸರಿಯಲ್ಲಿ ಸಿಗುವ ಹಗುರ ಬಿಳಿ ಕಲ್ಲಿನ ಹರಳು) 1 ಪಾಲು, ಎರೆಗೊಬ್ಬರ ಅರ್ಧ ಪಾಲು. ಕೂಡ್ಲಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ವಿಧಾನದಲ್ಲಿ ತೆಂಗಿನ ಗರಿಯಿಂದ ಮಾಡಿದ ಎರೆಗೊಬ್ಬರ ಸಿಕ್ಕರೆ ಅದನ್ನೇ ಹಾಕಿ. ಪ್ರತಿ ಲೀಟರ್ ಮಿಶ್ರಣಕ್ಕೆ 2 ಗ್ರಾಂ ಡಾಲೊಮೈಟ್ (ಕ್ಯಾಲ್ಸಿಯಂ, ಮೆಗ್ನೀಷಿಯಂ ಇರುವ ಸುಣ್ಣಕಲ್ಲಿನ ಹುಡಿ) ಬೆರೆಸುವುದನ್ನು ಬಿಡಬಾರದು. ಮುರಕಲ್ಲಿನ ನೆಲದ ಬಾವಿಯ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಗಳ ನೀರು ಮೃದು, ತುಸು ಹುಳಿ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ತೀರಾ ಕಡಿಮೆ. ಗಡಸು ನೀರಿನ ಊರಿನವರು ಹೇಳುವ ಫಿಲ್ಟರಿನ ಸಲಹೆ ಇಲ್ಲಿಗೆ ಬೇಡ. ಕಡಲ ಬದಿಯ ಬಾವಿಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ನೀರು ತುಸು ಉಪ್ಪಾಗುವುದುಂಟು. ಆಗ ಮಾತ್ರ ಎಲೆಯ ತುದಿ ಕಂದುತ್ತದೆ. ಬೇರೆ ನೀರು ಹುಡುಕಬೇಕು.

ಕೋಕೋಪೀಟನ್ನು ತೊಳೆಯದೆ ಬಳಸಬೇಡಿ. ಹಿನ್ನೀರಿನಲ್ಲಿ ನೆನೆಸಿದ ಸಿಪ್ಪೆಯಿಂದ ಬಂದದ್ದಾದರೆ ಉಪ್ಪು ತುಂಬಿರುತ್ತದೆ. ಅಂಗಡಿಯಲ್ಲಿ ಸಿಗುವ 5 ಕಿಲೋದ ಕೋಕೋಪೀಟ್ ಇಟ್ಟಿಗೆಯನ್ನು ನೀರಲ್ಲಿ ಅರಳಿಸಿ, 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ಬಿಟ್ಟು, ಚಹಾದ ಬಣ್ಣ ಹೋಗುವವರೆಗೆ ಎರಡು ಮೂರು ಸಲ ತೊಳೆದು ಹಿಂಡಿ. ಬರೀ ನೀರಿಗೆ ಎಲ್ಲ ಸೋಡಿಯಂ ಬಿಡುವುದಿಲ್ಲ. ಕ್ಯಾಲ್ಸಿಯಂ ಬಂದು ಅದರ ಜಾಗ ಹಿಡಿದಾಗಲೇ ಹೊರಬರುತ್ತದೆ.

ಕುಂಡದ ತಳದಲ್ಲಿ ಹಂಚಿನ ಚೂರು, ಚರಲು ತುಂಬುವ ಪದ್ಧತಿ ಎಲ್ಲ ಮನೆಗಳಲ್ಲೂ ಇದೆ. ನೀರು ಬೇಗ ಬಸಿಯಲಿ ಎಂಬ ಉದ್ದೇಶ, ಫಲ ಉಲ್ಟಾ. ನುಣುಪು ಮಿಶ್ರಣದಿಂದ ದೊಡ್ಡ ರಂಧ್ರಗಳ ಪದರಕ್ಕೆ ನೀರು ಸುಲಭದಲ್ಲಿ ಇಳಿಯುವುದಿಲ್ಲ. ಮಿಶ್ರಣದ ಕೆಳಭಾಗ ಪೂರ್ತಿ ನೆನೆಯುವವರೆಗೆ ಅಲ್ಲೇ ನಿಲ್ಲುತ್ತದೆ. ನೆನೆದ ಸ್ಪಂಜನ್ನು ಅಡ್ಡ ಹಿಡಿದರೆ ತೊಟ್ಟಿಕ್ಕುವುದು ನಿಲ್ಲುತ್ತದೆ, ಉದ್ದಕ್ಕೆ ಹಿಡಿದೊಡನೆ ಮತ್ತೆ ನೀರು ಸುರಿಯುತ್ತದಲ್ಲ, ಅದೇ ನಿಯಮ. ಚರಲು ಹಾಕಿ ಮಿಶ್ರಣದ ಎತ್ತರ ಕಡಿಮೆ ಮಾಡಿದಷ್ಟೂ ಒದ್ದೆ ಪದರ ಬೇರಿಗೆ ಹತ್ತಿರವಾಗುತ್ತದೆ. ತೂತಿನ ಮೇಲೆ ಒಂದು ತುಂಡು ಬಲೆ ಸಾಕು. ಕುಂಡ ಬೇರಿನ ಮುದ್ದೆಗಿಂತ ಒಂದೂವರೆ ಇಂಚು ಮಾತ್ರ ಅಗಲವಿರಲಿ. ಚಂದಕ್ಕೆಂದು ಪಿಂಗಾಣಿ ಹೊರಕುಂಡ ಇಟ್ಟವರು ನೀರು ಹಾಕಿ ಅರ್ಧ ಗಂಟೆ ಕಳೆದು ಅದನ್ನು ಬಗ್ಗಿಸಿ ನೋಡಬೇಕು. ಎಷ್ಟೋ ಗಿಡಗಳು ಸತ್ತಿರುವುದು ಕಣ್ಣಿಗೆ ಬೀಳದ ಆ ಅರ್ಧ ಲೋಟ ನೀರಿನಿಂದ.

ನೀರಿಗೆ ದಿನ ಗೊತ್ತು ಮಾಡುವುದಕ್ಕಿಂತ ತೂಕ ನೋಡುವುದು ಮೇಲು. ಅಡುಗೆಮನೆಯ ತಕ್ಕಡಿ ಸಾಕು. ಪೂರ್ತಿ ನೀರುಣಿಸಿ, ಬಸಿದ ಮೇಲಿನ ತೂಕ ಬರೆದಿಡಿ. 6 ಇಂಚಿನ ಕುಂಡದಲ್ಲಿ 300 ಗ್ರಾಂನಷ್ಟು ಇಳಿದಾಗ ಮತ್ತೆ ನೀರು. ಮಾರ್ಚ್, ಏಪ್ರಿಲ್‌ನಲ್ಲಿ ಅದಕ್ಕೆ ಮೂರು ನಾಲ್ಕು ದಿನ ಸಾಕಾದರೆ ಜುಲೈಯಲ್ಲಿ ಹತ್ತು ಹನ್ನೆರಡು ದಿನವೂ ಬೇಕಾದೀತು. ಮಳೆನೀರು ಒಳ್ಳೆಯದೆಂದು ಕುಂಡವನ್ನು ಅಂಗಳಕ್ಕಿಟ್ಟು ಮರೆಯುವುದು ಬೇಡ. ಮೇ ತಿಂಗಳ ಮೊದಲ ಮಳೆಗೆ ಒಂದು ಗಂಟೆ ಇಟ್ಟರೆ ಶೇಖರವಾದ ಉಪ್ಪು ತೊಳೆದುಹೋಗುತ್ತದೆ, ಅಷ್ಟು ಸಾಕು.

ಬೆಳಕಿನ ವಿಷಯದಲ್ಲಿ ತೋಟದ ನಡುವಿನ ಹಂಚಿನ ಮನೆಗಳಿಗೆ ಕಷ್ಟ. ಮಾಡು ಇಳಿದಿರುತ್ತದೆ, ಸುತ್ತ ಅಡಿಕೆ ಮರ. ಫೋನಿನಲ್ಲಿ ಬೆಳಕನ್ನು ಲಕ್ಸ್ ಲೆಕ್ಕದಲ್ಲಿ ತೋರಿಸುವ ಆಪ್ ಹಾಕಿ ಅಳೆದು ನೋಡಿ. ಹಸಿರು ತಳಿಗೆ 1,000 ಲಕ್ಸ್, ಕೆಂಪು ತಳಿಗೆ 2,000ದ ಮೇಲೆ ಇದ್ದರೆ ಚೆನ್ನ. ಮಾಡಿನಲ್ಲಿ ಗಾಜಿನ ಹಂಚಿದ್ದರೆ ಅದರ ಆಸುಪಾಸು ಉತ್ತಮ ಜಾಗ, ಮಧ್ಯಾಹ್ನದ ಬಿಸಿಲ ಚೌಕ ಸಾಗುವ ದಾರಿಯನ್ನು ಬಿಟ್ಟು. ಬೆಳಕು ಸಾಲದ ಮನೆಯಲ್ಲಿ 10 ವಾಟಿನ ಬಿಳಿ ಎಲ್‌ಇಡಿಯನ್ನು ಗಿಡದ ಮೇಲೆ ಒಂದಡಿ ಅಂತರದಲ್ಲಿ ದಿನಕ್ಕೆ 12 ಗಂಟೆ ಉರಿಸಿದರೆ ತಿಂಗಳಿಗೆ 3.6 ಯೂನಿಟ್ ಕರೆಂಟು, ಗಿಡಕ್ಕೆ ಮಳೆಗಾಲ ದಾಟಿತು. ಜೊತೆಗೆ ಫ್ಯಾನ್ ನಿಧಾನಕ್ಕೆ ತಿರುಗುತ್ತಿರಲಿ.

ಕೊಳೆತ ಗಿಡದ ಬೇರು ಉಳಿಸುವ ಹಟ ವ್ಯರ್ಥ, ಕಾಂಡ ಉಳಿಸಿಕೊಳ್ಳಿ. ಸ್ಪಿರಿಟ್ಟಿನಲ್ಲಿ ಒರೆಸಿದ ಚೂರಿಯಿಂದ, ಕತ್ತರಿಸಿದ ಮುಖದಲ್ಲಿ ಒಂದು ಕಂದು ಚುಕ್ಕೆಯೂ ಕಾಣದಷ್ಟು ಮೇಲಕ್ಕೆ ಕತ್ತರಿಸುತ್ತಾ ಹೋಗಿ. ಪ್ರತಿ ಸಲವೂ ಚೂರಿ ಒರೆಸಬೇಕು. ಒಂದು ದಿನ ನೆರಳಲ್ಲಿ ಗಾಯ ಒಣಗಿಸಿ, ತೊಳೆದ ಹೊಳೆ ಹೊಯಿಗೆಯಲ್ಲಿ ಊರಿ. ಕಡಲ ಹೊಯಿಗೆ ಬೇಡ. ನಾಲ್ಕೈದು ವಾರಕ್ಕೆ ಬೇರು ಬರುತ್ತದೆ. ಕಾಂಡ ಮೆತ್ತಗಾಗಿ ದುರ್ನಾತ ಬರುತ್ತಿದ್ದರೆ ಅದು ಬ್ಯಾಕ್ಟೀರಿಯಾದ ಕೊಳೆತ, ಮಣ್ಣು ಸಮೇತ ಎಸೆಯುವುದೇ ಸರಿ. ಅಡಿಕೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು (ಮೈಲುತುತ್ತ, ಸುಣ್ಣದ ನೀರು) ಇದಕ್ಕೂ ಸುರಿಯುವವರಿದ್ದಾರೆ. ಅದು ರೋಗ ಬಾರದಂತೆ ತಡೆಯುವ ಲೇಪ. ಸತ್ತ ಬೇರನ್ನು ಎಬ್ಬಿಸುವುದಿಲ್ಲ, ಎಲೆಗೆ ನೀಲಿ ಕಲೆ ಮಾತ್ರ ಉಳಿಸುತ್ತದೆ.

ಗೊಬ್ಬರ ಅಕ್ಟೋಬರಿನಿಂದ ಮೇವರೆಗೆ. ಸಾರಜನಕ, ರಂಜಕ, ಪೊಟ್ಯಾಶ್ ಸಮನಾಗಿರುವ 19:19:19 ಗೊಬ್ಬರ ಲೀಟರ್ ನೀರಿಗೆ 1 ಗ್ರಾಂನಂತೆ ಇಪ್ಪತ್ತು ದಿನಕ್ಕೊಮ್ಮೆ. ಮಳೆಗಾಲದಲ್ಲಿ ಬೇಡ. ನೆಲಗಡಲೆ ಹಿಂಡಿ, ಜೀವಾಮೃತ ಮನೆಯೊಳಗೆ ನೊಣಕ್ಕೆ ಆಹ್ವಾನ. ಹೊಳಪಿಗೆಂದು ಎಲೆಗೆ ತೆಂಗಿನೆಣ್ಣೆ ಉಜ್ಜುವುದೂ ಬೇಡ, ಬೇಸಗೆಯ ಕೆಂಪು ಧೂಳೆಲ್ಲ ಅದಕ್ಕೆ ಅಂಟುತ್ತದೆ. ಒದ್ದೆ ಬಟ್ಟೆ ಸಾಕು. ಒರೆಸುವಾಗ ಎಲೆಯ ಬುಡದಲ್ಲಿ ಬಿಳಿ ಹಿಟ್ಟುತಿಗಣೆ ಕಂಡರೆ ಹತ್ತಿಗೆ ಸ್ಪಿರಿಟ್ ಹಚ್ಚಿ ತೆಗೆಯಿರಿ. ಇರುವೆಯ ಸಾಲು ಕಂಡಲ್ಲಿ ಮೊದಲು ಹಿಟ್ಟುತಿಗಣೆಯನ್ನೇ ಹುಡುಕಬೇಕು.

ಹೊಸ ಗಿಡ ಕೊಳ್ಳುವವರು ನವರಾತ್ರಿ ಕಳೆದು ಕೊಳ್ಳಿ. ನರ್ಸರಿಯಿಂದ ಬರುವ ಕುಂಡದಲ್ಲಿ ಸಾಮಾನ್ಯವಾಗಿ ಬರೀ ಕೋಕೋಪೀಟ್ ಇರುತ್ತದೆ. ಎರಡು ವಾರ ಬೇರೆ ಗಿಡಗಳಿಂದ ದೂರವಿಟ್ಟು, ಆಮೇಲೆ ಮೇಲೆ ಹೇಳಿದ ಮಿಶ್ರಣಕ್ಕೆ ಬದಲಿಸಿದರೆ ಮುಂದಿನ ಜೂನ್‌ ಬರುವಾಗ ಬೇರು ಹರಡಿರುತ್ತದೆ. ಮೇ ಕೊನೆಯಲ್ಲಿ ಕುಂಡ ಬದಲಿಸಬೇಡಿ. ರಸದಲ್ಲಿ ಕೆಸುವಿನದೇ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುವುದರಿಂದ ಗಿಡ ಕತ್ತರಿಸಿದ ಮೇಲೆ ಕೈ ತೊಳೆದುಕೊಳ್ಳಬೇಕು; ಎಲೆ ಅಗಿಯುವ ಮಗು, ಬೆಕ್ಕು ಇರುವ ಮನೆಯಲ್ಲಿ ಕುಂಡ ಎತ್ತರದಲ್ಲಿರಲಿ.