ತಲೆಸುತ್ತಿನ ವಿಳಾಸ ಕಣ್ಣಲ್ಲಿದೆ

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದೊಡನೆ ಕೋಣೆಯೆಲ್ಲ ಗಿರ್ರನೆ ತಿರುಗಿ, ಅರ್ಧ ನಿಮಿಷದಲ್ಲಿ ನಿಂತುಹೋದರೆ ನಮ್ಮಲ್ಲಿ ತಪ್ಪೆಲ್ಲ ಪಿತ್ತದ ಮೇಲೆ. ನಿಂಬೆ ಪಾನಕ ಕುಡಿಸುತ್ತಾರೆ, ಬಿಪಿ ನೋಡಿಸುತ್ತಾರೆ, ಕತ್ತಿನ ಎಕ್ಸ್‌ರೇ ತೆಗೆಸುತ್ತಾರೆ, ದೃಷ್ಟಿ ನಿವಾಳಿಸುವುದೂ ಉಂಟು. ಆ ಅರ್ಧ ನಿಮಿಷ ರೋಗಿಯ ಕಣ್ಣನ್ನು ಮಾತ್ರ ಯಾರೂ ನೋಡುವುದಿಲ್ಲ. ಅಸಲಿಗೆ ತೊಂದರೆ ಎಲ್ಲಿದೆಯೆಂದು ಹೇಳುವುದು ಕಣ್ಣೇ.

ಒಳಕಿವಿಯ ಯುಟ್ರಿಕಲ್ ಎಂಬ ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳಿವೆ. ವಯಸ್ಸಾಗಿಯೋ ತಲೆಗೆ ಪೆಟ್ಟು ಬಿದ್ದೋ ಕೆಲವು ಉದುರಿ, ತಲೆಯ ತಿರುಗುವಿಕೆಯನ್ನು ಗ್ರಹಿಸುವ ಅರ್ಧವೃತ್ತ ನಾಳಗಳ ಪೈಕಿ ಹೆಚ್ಚಾಗಿ ಹಿಂಬದಿಯದಕ್ಕೆ ಸೇರಿಕೊಳ್ಳುತ್ತವೆ. ತಲೆ ವಾಲಿದಾಗ ಅವು ಜಾರುತ್ತ ನಾಳದ ದ್ರವವನ್ನೂ ಎಳೆಯುತ್ತವೆ. ತಲೆ ನಿಂತ ಮೇಲೂ, ಇನ್ನೂ ತಿರುಗುತ್ತಿದೆ ಎಂಬ ವರದಿ ಮಿದುಳಿಗೆ ಹೋಗುತ್ತಲೇ ಇರುತ್ತದೆ.

ನನ್ನನ್ನು ಬೆರಗಾಗಿಸುವುದು ಇದರ ಮುಂದಿನ ಕೊಂಡಿ. ಒಂದೊಂದು ನಾಳಕ್ಕೂ ಕಣ್ಣಿನ ನಿರ್ದಿಷ್ಟ ಸ್ನಾಯುಗಳೊಂದಿಗೆ ನರದ ನಂಟಿದೆ. ಹಿಂಬದಿಯ ನಾಳ ಕೆರಳಿದರೆ ಎರಡೂ ಕಣ್ಣು ಮೆಲ್ಲಗೆ ಕೆಳಕ್ಕೆ ಜಾರುತ್ತವೆ. ಮಿದುಳು ಅವನ್ನು ಥಟ್ಟನೆ ಮೇಲಕ್ಕೆಳೆಯುತ್ತದೆ. ಮತ್ತೆ ಜಾರುವುದು, ಮತ್ತೆ ಎಳೆತ. ಜೊತೆಗೆ ಕಣ್ಣುಗುಡ್ಡೆ ಇದ್ದಲ್ಲೇ ಹೊರಳುತ್ತದೆ. ಬಿಳಿಭಾಗದ ಒಂದು ಕೆಂಪು ರಕ್ತನಾಳದ ಮೇಲೆ ದೃಷ್ಟಿಯಿಟ್ಟರೆ, ಅದು ಗಡಿಯಾರದ ಮುಳ್ಳಿನಂತೆ ಮಿಡಿಯುವುದು ಕಾಣುತ್ತದೆ. ಪ್ರತಿ ಮಿಡಿತಕ್ಕೂ ಕಣ್ಣಿನ ಮೇಲ್ತುದಿ ಕೆಳಗಿರುವ ಕಿವಿಯತ್ತ, ಅಂದರೆ ಹರಳಿರುವ ಕಿವಿಯತ್ತ, ಹೊರಳುತ್ತದೆ. ಇದೇ ನಿಸ್ಟಾಗ್ಮಸ್.

ರಾಬರ್ಟ್ ಬರಾನಿ ಇದನ್ನು 1921ರಲ್ಲೇ ವರ್ಣಿಸಿದ್ದರು. 1914ರ ನೊಬೆಲ್ ಪ್ರಶಸ್ತಿ ಪ್ರಕಟವಾದಾಗ ರಷ್ಯದಲ್ಲಿ ಯುದ್ಧಕೈದಿಯಾಗಿದ್ದ ವೈದ್ಯರು ಅವರು. ಇಂದಿಗೂ ಬಳಕೆಯಲ್ಲಿರುವ ಪರೀಕ್ಷೆಯನ್ನು ಲಂಡನ್ನಿನ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ 1952ರಲ್ಲಿ ಪ್ರಕಟಿಸಿದರು. ಕೂತವರ ತಲೆಯನ್ನು 45 ಡಿಗ್ರಿ ಪಕ್ಕಕ್ಕೆ ತಿರುಗಿಸಿ, ತಲೆ ಮಂಚದ ಅಂಚಿನಿಂದ ತುಸು ಕೆಳಗಿಳಿಯುವಂತೆ ಸರಕ್ಕನೆ ಮಲಗಿಸುತ್ತಾರೆ. ಹೆದರಿಕೆಗೆ ರೋಗಿ ಕಣ್ಣು ಮುಚ್ಚಿಬಿಡುತ್ತಾರೆ. ತೆರೆದೇ ಇರಿ ಎನ್ನಬೇಕು. ಮೊದಲ ಕೆಲವು ಸೆಕೆಂಡು ಏನೂ ಇಲ್ಲ, ಹರಳು ಇನ್ನೂ ಕದಲಬೇಕಷ್ಟೆ. ಆಮೇಲೆ ಮಿಡಿತ ಏರಿ, ನಿಮಿಷದೊಳಗೆ ಇಳಿಯುತ್ತದೆ. ಎದ್ದು ಕೂತರೆ ದಿಕ್ಕು ತಿರುಗಾಮುರುಗಾ.

ಹರಳು ಅಡ್ಡನಾಳದಲ್ಲಿದ್ದರೆ ಕಣ್ಣು ಎಡಕ್ಕೂ ಬಲಕ್ಕೂ ಮಿಡಿಯುತ್ತದೆ. ತಡವಿಲ್ಲದೆ ಶುರುವಾಗಿ, ಬರೀ ಕೆಳಕ್ಕೆ ಮಿಡಿಯುತ್ತ, ದಣಿಯದೆ ಮುಂದುವರಿದರೆ ಮಿದುಳನ್ನೇ ಪರೀಕ್ಷಿಸಬೇಕು. ಅದನ್ನು ಮನೆಮದ್ದಿಗೆ ಬಿಡಬಾರದು.

ಉದುರಿದ ಹರಳನ್ನು ಯಾವ ಮಾತ್ರೆಯೂ ಹೊರಕ್ಕೆ ತರುವುದಿಲ್ಲ. ಅಮೆರಿಕದ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ತಲೆಯನ್ನು ಹಂತಹಂತವಾಗಿ ಹೊರಳಿಸಿ ಹರಳನ್ನು ಯುಟ್ರಿಕಲ್ಲಿಗೆ ಮರಳಿಸುತ್ತಾರೆ. ಆಗಲೂ ಡಾಕ್ಟರ ಗಮನ ಕಣ್ಣಿನ ಮೇಲೆಯೇ: ಮುಂದಿನ ಹಂತದಲ್ಲೂ ಮಿಡಿತ ಮೊದಲಿನ ದಿಕ್ಕಿಗೇ ಇದ್ದರೆ ಹರಳು ಸರಿದಾರಿಯಲ್ಲಿದೆ, ತಿರುವುಮುರುವಾದರೆ ಬಂದ ದಾರಿಗೇ ಜಾರಿದೆ.